ಸೆಂಟ್ರಿಂಗ್ ಹಲಗೆಯ ಪರ ವಕಾಲತ್ತು

ಮನೆಗೆ ಬಂದವರು ಕುರ್ಚಿಯ ಕೈ ಸವರುತ್ತಾರೆ, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡುತ್ತಾರೆ, ಆಮೇಲೆ ಕೇಳುತ್ತಾರೆ: ‘ಯಾವ ಮರ?’ ತೇಗ ಎಂದರೆ ತಲೆದೂಗುತ್ತಾರೆ. ಬೀಟೆ ಎಂದರೆ ಹುಬ್ಬೇರಿಸುತ್ತಾರೆ. ಸಿಲ್ವರ್ ಎಂದರೆ ಮಾತು ಈ ಸಲದ ಮಳೆಯ ಕಡೆಗೆ ಹೊರಳುತ್ತದೆ. ಸಂದು ಹೇಗೆ ಕೂತಿದೆ, ಒಂದು ತಾಸು ಕೂತರೆ ಬೆನ್ನು ಏನನ್ನುತ್ತದೆ ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಇಬ್ಬರೋ ಮೂವರೋ ಇರಬಹುದು. ಮನುಷ್ಯರ ಜಾತಿ ಕೇಳಲು ಈಗೀಗ ನಾಚುವವರೂ ಮರದ ಜಾತಿ ಕೇಳಲು ನಾಚುವುದಿಲ್ಲ.

ನಾನಿರುವ ಹಾಸನದಲ್ಲಿ ಸಿಲ್ವರ್ ಓಕ್‌ಗೆ ಬರವಿಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆಯ ಕಾಫಿ ತೋಟಗಳಲ್ಲಿ ನೆರಳಿಗೆಂದು, ಮೆಣಸಿನ ಬಳ್ಳಿ ಹಬ್ಬಿಸಲೆಂದು ನೆಟ್ಟ ಮರ, ದಪ್ಪವಾದ ಮೇಲೆ ಲಾರಿ ಹತ್ತಿ ಬಂದು ಸಾ ಮಿಲ್ಲಿನ ಅಂಗಳದಲ್ಲಿ ಉರುಳುತ್ತದೆ. ಅಲ್ಲಿಂದ ಅದಕ್ಕೆ ಮೂರು ದಾರಿ: ಪ್ಯಾಕಿಂಗ್ ಪೆಟ್ಟಿಗೆ, ಪ್ಲೈವುಡ್ ಕಾರ್ಖಾನೆ, ಇಲ್ಲವೇ ತಾರಸಿ ಹಾಕುವಾಗ ಕಾಂಕ್ರೀಟಿನ ಅಡಿ ಹಾಸುವ ಸೆಂಟ್ರಿಂಗ್ ಹಲಗೆ. ಸಿಮೆಂಟಿನ ಹಾಲು ಕುಡಿದು, ಮೊಳೆ ತಿಂದು, ನಾಲ್ಕೈದು ಮನೆಗಳ ತಾರಸಿ ಹೊತ್ತು, ಕೊನೆಗೆ ಯಾರದೋ ನೀರೊಲೆಗೆ ಹೋಗುತ್ತದೆ. ಇಂಥ ಮರದಲ್ಲಿ ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಮೇಜು, ಕಪಾಟು ಮಾಡಬಹುದು ಎಂದರೆ ಟಿಂಬರ್ ಅಂಗಡಿಯವರು ನಗುತ್ತಾರೆ, ಬಡಗಿಗಳು ಬೇಸರ ಮಾಡಿಕೊಳ್ಳುತ್ತಾರೆ. ನಾನು ವಾದಿಸುತ್ತಿರುವುದು ಅದನ್ನೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ತೇಗಕ್ಕೂ ಸಿಲ್ವರಿಗೂ ಇರುವ ಅಂತರ ನಾವು ಅಂದುಕೊಂಡಂತೆ ಮರದೊಳಗೆ ಇಲ್ಲ. ಬಹುಪಾಲು ಇರುವುದು ಹಡಗಿನಲ್ಲಿ, ಕಾನೂನಿನಲ್ಲಿ ಮತ್ತು ನಮ್ಮ ಆತುರದಲ್ಲಿ.

ಮೊದಲು ಹಡಗಿನ ಮಾತು. ತೇಗದಲ್ಲಿ ಎಣ್ಣೆಯಂಶ ಇದೆ. ನೀರಿಗೆ, ಗೆದ್ದಲಿಗೆ ಅದರ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಸುಲಭಕ್ಕೆ ಬಗ್ಗುವುದಿಲ್ಲ, ಒಳಗೆ ಹೊಡೆದ ಕಬ್ಬಿಣವನ್ನೂ ಬೇಗ ತುಕ್ಕು ಹಿಡಿಯಲು ಬಿಡುವುದಿಲ್ಲ. ಸಮುದ್ರದಲ್ಲಿ ತೇಲುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ. ತಮ್ಮ ಓಕ್ ಮರ ಸಾಲದೆ ಹೋದ ಬ್ರಿಟಿಷರ ಕಣ್ಣು ಮಲಬಾರಿನ ತೇಗದ ಮೇಲೆ ಬಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅಲ್ಲಿಗೆ ಅರಣ್ಯ ಸಂರಕ್ಷಕನಾಗಿ ನೇಮಿಸಿದರು; ಅವನು ಸಂರಕ್ಷಿಸಬೇಕಾಗಿದ್ದುದು ಕಾಡನ್ನಲ್ಲ, ಹಡಗುಕಟ್ಟೆಗೆ ಹೋಗುವ ದಿಮ್ಮಿಯನ್ನು. 1817ರಲ್ಲಿ ಬೊಂಬಾಯಿಯ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ ನೀರಿಗಿಳಿಸಿದ ಟ್ರಿಂಕೋಮಲೀ ಎಂಬ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. 1840ರ ದಶಕದಲ್ಲಿ ಕಲೆಕ್ಟರ್ ಕನೋಲಿ ನಿಲಂಬೂರಿನಲ್ಲಿ ತೇಗದ ತೋಪು ಹಾಕಿಸಿದ್ದು ಈ ಹಸಿವಿನಿಂದಲೇ. ಎರಡು ಶತಮಾನದ ಈ ಲೆಕ್ಕದಲ್ಲಿ ತೇಗ ಅರಸುಮರವಾಯಿತು, ಉಳಿದವೆಲ್ಲ ‘ಕಾಡು ಜಾತಿ’ಯಾದವು. ಟಿಂಬರ್ ಡಿಪೋದಲ್ಲಿ ಇವತ್ತಿಗೂ ಅದೇ ಪದ ಓಡುತ್ತಿದೆ. ಉಪ್ಪುನೀರಿನಲ್ಲಿ ಇನ್ನೂರು ವರ್ಷ ಬಾಳಲಿ ಎಂದು ಆರಿಸಿದ ಮರವನ್ನು ನಾವು ಪುಸ್ತಕದ ಕಪಾಟಿಗೆ ಹುಡುಕುತ್ತೇವೆ. ನಮ್ಮ ಹಾಲಿನಲ್ಲಿ ಅಲೆ ಏಳುವುದಿಲ್ಲ.

ಹಳ್ಳಿಯ ಆಚಾರಿಗೆ ಈ ಶ್ರೇಣಿ ಗೊತ್ತಿರಲಿಲ್ಲ. ಗಾಡಿಯ ಚಕ್ರಕ್ಕೂ ನೇಗಿಲಿಗೂ ಅವನು ಹುಡುಕುತ್ತಿದ್ದುದು ಕರಿಜಾಲಿ; ವೀಣೆಗೆ ಹಲಸು. ನಮ್ಮ ರಾಜ್ಯದ ಹೆಸರನ್ನು ದೇಶದಾಚೆಗೆ ಒಯ್ದ ಮರಗೆಲಸ ಯಾವುದು ನೋಡಿ. ಚನ್ನಪಟ್ಟಣದ ಬೊಂಬೆ ಆಗುವುದು ಹಾಲೆ ಮರದಲ್ಲಿ. ಬೆಳ್ಳಗೆ, ಹಗುರವಾಗಿ, ಟಿಂಬರ್ ಅಂಗಡಿಯ ಬೆಲೆಪಟ್ಟಿಯಲ್ಲಿ ಹೆಸರೂ ಇಲ್ಲದ ಮರ ಅದು. ಕೊಪ್ಪಳ ಬಳಿಯ ಕಿನ್ನಾಳದ ಬೊಂಬೆಗೆ ಇನ್ನೂ ಹಗುರವಾದ ಪೊಳಕಿ ಮರ. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ಅರಗು ಹಿಡಿದಾಗ ಆ ಬಿಸಿಗೆ ಬಣ್ಣ ಕರಗಿ ಹಾಲೆಯ ಮೈಗೆ ಕೂತುಬಿಡುತ್ತದೆ. ಎಳೆ ಸಣ್ಣ, ಮೈ ತಿಳಿ, ಬಣ್ಣ ಎದ್ದು ಕಾಣುತ್ತದೆ. ತೇಗದ ಮೇಲೆ ಆ ಹಳದಿ, ಆ ಕೆಂಪು ಹೀಗೆ ಬೆಳಗಲಾರವು. ಅಲ್ಲಿ ಅಗ್ಗದ ಮರವನ್ನು ಯಾರೂ ಸಹಿಸಿಕೊಂಡಿಲ್ಲ, ಅದೇ ಬೇಕೆಂದು ಆರಿಸಿದ್ದಾರೆ.

ಇನ್ನು ಬೆಲೆ. ನಮ್ಮ ಕಡೆ ತೇಗದ ಒಂದು ಘನ ಅಡಿಯ ದುಡ್ಡಿಗೆ ಸಿಲ್ವರ್ ನಾಲ್ಕೈದು ಘನ ಅಡಿ ಬರುತ್ತದೆ. ಇದನ್ನೇ ಗುಣದ ಅಂಕಪಟ್ಟಿ ಎಂದು ಜನ ಓದುತ್ತಾರೆ. ಆದರೆ ಸಿಲ್ವರ್ ಅಗ್ಗವಾಗಿರಲು ಕಾರಣ ಬೇರೆ. ಆಸ್ಟ್ರೇಲಿಯಾದಿಂದ ಬಂದ ಈ ಮರ ನೆಟ್ಟಗೆ, ಬೇಗ ಬೆಳೆಯುತ್ತದೆ, ತೋಟಗಳಲ್ಲಿ ಎಣಿಸಲಾರದಷ್ಟಿದೆ, ಮೇಲಾಗಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಸಾಲಿನಲ್ಲಿ ಇದೂ ಒಂದು. ಬೀಟೆ ತೋಟದಲ್ಲೇ ಹುಟ್ಟಿ ಬೆಳೆದರೂ ಮುಟ್ಟುವ ಮುಂಚೆ ಕಚೇರಿ ಅಲೆಯಬೇಕು. ಬೆಳೆಗಾರ ಕಡಿಯಲು ಸುಲಭವಾದದ್ದನ್ನು ನೆಡುತ್ತಾನೆ, ನೆಟ್ಟದ್ದು ಹೆಚ್ಚಾದರೆ ಬೆಲೆ ಇಳಿಯುತ್ತದೆ. ಕಾಯ್ದೆಯ ಒಂದು ಪಟ್ಟಿಯಿಂದ ಅಗ್ಗವಾದದ್ದನ್ನು ಮರದ ದೋಷವೆಂದು ಬರೆದುಕೊಂಡದ್ದು ನಾವು.

ಅತ್ತ ತೇಗವಾದರೂ ಅಜ್ಜನ ಕಾಲದ ತೇಗವೇ? ಹಳೆಯ ಕಾಡಿನ ತೇಗ ಕಳಿಸುತ್ತಿದ್ದ ಮ್ಯಾನ್ಮಾರ್ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಆಫ್ರಿಕಾದಿಂದ, ದಕ್ಷಿಣ ಅಮೆರಿಕದಿಂದ ಬಂದ ತೋಪಿನ ಎಳೆ ತೇಗ ಸಾಕಷ್ಟಿದೆ. ಅದರಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿ ಮರ ಜಾಸ್ತಿ. ತೇಗದ ಕೀರ್ತಿಯೆಲ್ಲ ಚೇಗಿನದ್ದು. ಬಿಳಿ ಭಾಗಕ್ಕೆ ಹುಳು ಬೀಳುತ್ತದೆ. ಪಾಲಿಶ್ ಮಾಡುವವನು ಕಂದು ಬಣ್ಣ ಬಳಿದು ಎರಡನ್ನೂ ಒಂದು ಮಾಡುತ್ತಾನೆ, ಗಿರಾಕಿ ತೇಗದ ದುಡ್ಡು ಕೊಟ್ಟು ಹೆಸರನ್ನು ಮನೆಗೆ ತರುತ್ತಾನೆ.

ತಮಾಷೆ ಇರುವುದು ಇನ್ನೊಂದು ಕಡೆ. ಸಿಲ್ವರನ್ನು ಮನೆಯೊಳಗೆ ಬಿಟ್ಟುಕೊಳ್ಳದವರ ಬೆಡ್‌ರೂಮಿನಲ್ಲಿ ಗೋಡೆಯುದ್ದ ವಾರ್ಡ್‌ರೋಬ್ ಇರುತ್ತದೆ. ಪ್ಲೈವುಡ್ಡಿನದು, ಮೇಲೆ ತೇಗದ ಚಿತ್ರ ಅಚ್ಚಾದ ಲ್ಯಾಮಿನೇಟು. ದಕ್ಷಿಣದ ಪ್ಲೈವುಡ್ ಕಾರ್ಖಾನೆಗಳಲ್ಲಿ ಸುಲಿಯುವುದು ಏನನ್ನು? ಸಿಲ್ವರ್, ನೀಲಗಿರಿ, ಹೆಬ್ಬೇವು, ರಬ್ಬರ್. ಅಂದರೆ ಅದೇ ಮರವನ್ನು ಕಾಗದದಂತೆ ಸುಲಿದು, ಅಂಟು ಹಚ್ಚಿ ಒತ್ತಿಕೊಟ್ಟರೆ ಆಗಬಹುದು. ಹಲಗೆಯಾಗಿ, ತನ್ನ ಮುಖ ತೋರಿಸಿಕೊಂಡು ಬಂದರೆ ಬೇಡ. ಎಂಡಿಎಫ್‌ನ ಮಾತು ಎತ್ತುವುದೇ ಬೇಡ, ಅದು ಮರದ ನಾರು ಅರೆದು ಅಂಟಿನಲ್ಲಿ ಒತ್ತಿದ್ದು. ಮಾಡ್ಯುಲರ್ ಕಿಚನ್ ಎಂಬ ಹೆಸರು ಇಟ್ಟ ಮೇಲೆ ಅದಕ್ಕೂ ಯಾವ ಮರ ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಸಿಲ್ವರಿಗೆ ಕೆಟ್ಟ ಹೆಸರು ಬಂದದ್ದು ಸುಮ್ಮನೆಯೇ? ಅಲ್ಲ. ನಾನೇ ತಂದಿದ್ದೇನೆ. ಮೇಷ್ಟರಿಕೆಯಿಂದ ಬಿಡುವಾದ ಹೊಸದರಲ್ಲಿ, ಉಮೇದಿಗೆ ಮಿಲ್ಲಿನಿಂದ ಆರು ಹಲಗೆ ತಂದು ವಾರದೊಳಗೆ ಒಂದು ಟೀಪಾಯಿ ಮಾಡಿದೆ. ಮೇಲ್ಹಲಗೆಯನ್ನು ಚೌಕಟ್ಟಿಗೆ ಸುತ್ತಲೂ ಅಂಟು ಹಾಕಿ, ಸ್ಕ್ರೂ ಬಿಗಿದು, ಇನ್ನು ಜಗ್ಗದು ಎಂದು ಬೀಗಿದೆ. ಅದು ನವೆಂಬರು. ಮಾರ್ಚಿನ ಒಂದು ಮಧ್ಯಾಹ್ನ ಹಾಲಿನಲ್ಲಿ ಟಪ್ ಎಂದು ಸದ್ದಾಯಿತು, ತೆಂಗಿನಕಾಯಿ ಒಡೆದಂತೆ. ಹೋಗಿ ನೋಡಿದರೆ ಮೇಲ್ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತ್ತು, ಬಿರುಕಿನಲ್ಲಿ ನಾಲ್ಕಾಣೆ ನಾಣ್ಯ ನಿಲ್ಲಿಸಬಹುದಿತ್ತು. ಪಕ್ಕದ ಬೀದಿಯ ಆಚಾರ್ರು ಬಂದು ನೋಡಿ, ‘ನಾನ್ ಹೇಳ್ಲಿಲ್ವಾ ಮೇಷ್ಟ್ರೇ, ಸಿಲ್ವರು ಮನೆಗಾಗಲ್ಲ’ ಅಂದರು. ನಾನೂ ಒಂದು ವರ್ಷ ಅದನ್ನೇ ನಂಬಿದೆ.

ಮರದ ತಪ್ಪು ಅಲ್ಲಿ ಎಳ್ಳಷ್ಟೂ ಇರಲಿಲ್ಲ. ಹಸಿ ಮರದಲ್ಲಿ ನೀರಿರುತ್ತದೆ, ನೀರು ಹೋದಂತೆ ಮರ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡು ಪಟ್ಟು. ಈ ಲೆಕ್ಕದಿಂದ ತೇಗಕ್ಕೂ ಬಿಡುಗಡೆ ಇಲ್ಲ: ಪೂರ್ತಿ ಹಸಿಯಿಂದ ಪೂರ್ತಿ ಒಣಗುವುದರೊಳಗೆ ಅದೂ ಉಂಗುರದ ಗುಂಟ ನೂರಕ್ಕೆ ಐದಾರು ಭಾಗ ಕುಗ್ಗುತ್ತದೆ. ಸಿಲ್ವರ್ ಇನ್ನಷ್ಟು ಹೆಚ್ಚು. ಕುಗ್ಗಲು ಹೊರಟ ಹಲಗೆಯನ್ನು ನಾಲ್ಕು ಕಡೆ ಕಟ್ಟಿಹಾಕಿದರೆ ಅದು ಸೀಳದೆ ಇನ್ನೇನು ಮಾಡೀತು? ತೇಗದ ದಿಮ್ಮಿಯನ್ನು ದುಡ್ಡು ಹಾಕಿದವನು ವರ್ಷಗಟ್ಟಲೆ ನೆರಳಲ್ಲಿಟ್ಟು ಕಾಯುತ್ತಾನೆ. ಸಿಲ್ವರನ್ನು ಸೋಮವಾರ ಕಡಿದು ಶುಕ್ರವಾರ ಕುಯ್ದು ಶನಿವಾರ ಮಾರುತ್ತಾರೆ. ಒಂದಕ್ಕೆ ತಾಳ್ಮೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಫಲಿತಾಂಶವನ್ನು ಮಾತ್ರ ಜಾತಿಯ ಲೆಕ್ಕಕ್ಕೆ ಬರೆದೆವು.

ಎರಡನೆಯ ಸಲ ಹಲಗೆಗಳನ್ನು ಕಾರ್ ಶೆಡ್ಡಿನಲ್ಲಿ ಪೇರಿಸಿದೆ. ನೆಲದಿಂದ ಒಂದಡಿ ಮೇಲೆ, ಪ್ರತಿ ಹಲಗೆಯ ನಡುವೆ ಒಂದಿಂಚಿನ ರೀಪರ್ ತುಂಡು, ಆ ತುಂಡುಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ, ತುದಿಗಳಿಗೆ ದಪ್ಪ ಬಣ್ಣ, ಎಲ್ಲಕ್ಕೂ ಮೇಲೆ ನಾಲ್ಕು ಚಪ್ಪಡಿ ಕಲ್ಲು. ಗುಂಪಿನ ನಡುವಿನ ಒಂದು ಹಲಗೆಯಿಂದ ಹದಿಮೂರೂವರೆ ಇಂಚಿನ ತುಂಡು ಕತ್ತರಿಸಿ, ಅದರ ತುದಿಗೂ ಬಣ್ಣ ಬಳಿದು, ಅಲ್ಲೇ ಇಟ್ಟು, ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಹಿಟ್ಟು ತೂಗುವ ತಕ್ಕಡಿಗೆ ಮರ ಏರಿಸಿದ್ದಕ್ಕೆ ಮನೆಯವಳಿಂದ ಬೈಸಿಕೊಂಡದ್ದು ಬೇರೆ ಲೆಕ್ಕ. ಮೊದಲ ದಿನ 1,480 ಗ್ರಾಂ. ತಿಂಗಳಿಗೆ 1,290. ಆಮೇಲೆ ಇಳಿಕೆ ನಿಧಾನವಾಗುತ್ತ ಹದಿನಾಲ್ಕನೆಯ ವಾರಕ್ಕೆ 1,060ಕ್ಕೆ ಬಂದು ನಿಂತಿತು. ಮುಂದಿನ ಮೂರು ಭಾನುವಾರವೂ ಅಷ್ಟೇ. ಆ ಚಿಕ್ಕ ತುಂಡಿನಿಂದಲೇ 420 ಗ್ರಾಂ ನೀರು, ಹೆಚ್ಚುಕಡಿಮೆ ಎರಡು ಲೋಟ, ಗಾಳಿಗೆ ಹೋಗಿತ್ತು. ನನ್ನ ಮೊದಲ ಟೀಪಾಯಿಗೆ ನಾನು ಅಂಟು ಹಾಕಿದ್ದು ಈ ನೀರಿನ ಸಮೇತ.

ಒಣಗಿಸುವುದು ಅರ್ಧ ಕೆಲಸ. ಇನ್ನರ್ಧ ಆರಿಸುವುದು, ಮತ್ತು ಇಲ್ಲಿಯೇ ಅಗ್ಗದ ಮರ ತನ್ನ ಗುಟ್ಟು ಬಿಟ್ಟುಕೊಡುವುದು. ಮಿಲ್ಲಿನಲ್ಲಿ ದಿಮ್ಮಿಯನ್ನು ಬ್ರೆಡ್ಡು ಕುಯ್ದ ಹಾಗೆ ಒಂದೇ ದಿಕ್ಕಿನಲ್ಲಿ ಕುಯ್ಯುತ್ತಾ ಹೋಗುತ್ತಾರೆ. ಮೇಲಿನ, ಕೆಳಗಿನ ಹಲಗೆಗಳಲ್ಲಿ ಉಂಗುರಗಳು ಬೋರಲು ಬಟ್ಟಲಿನಂತೆ ಮಲಗಿರುತ್ತವೆ. ಅವು ಒಣಗುವಾಗ ಬಾಗುತ್ತವೆ. ತಿರುಳಿನ ಮೂಲಕ ಹಾದುಬಂದ ನಡುವಿನ ಒಂದೆರಡು ಹಲಗೆಗಳನ್ನು ತುದಿಯಿಂದ ನೋಡಿ: ನಟ್ಟನಡುವೆ ತಿರುಳಿನ ಚುಕ್ಕೆ, ಅದರ ಎಡಬಲಕ್ಕೆ ಉಂಗುರಗಳು ನೆಟ್ಟಗೆ ನಿಂತಿರುತ್ತವೆ. ತಿರುಳಿನ ಸುತ್ತಲಿನ ಎರಡು ಮೂರು ಇಂಚು ಸೀಳಿ ಒಲೆಗೆ ಹಾಕಿಬಿಡಿ. ಉಳಿದ ಎರಡು ಪಟ್ಟಿಗಳು ಚಿನ್ನ. ಅವು ಕಡಿಮೆ ಕುಗ್ಗುತ್ತವೆ, ಬಾಗುವುದಿಲ್ಲ. ಇದನ್ನು ನಾನು ಕಲಿತದ್ದು ಅಮೆರಿಕದ ಹವ್ಯಾಸಿ ಬಡಗಿಗಳಿಂದ. ಅಲ್ಲಿ ಮನೆಯ ಅಸ್ಥಿಪಂಜರವೇ ಪೈನ್, ಫರ್, ಸ್ಪ್ರೂಸ್ ತುಂಡುಗಳು; ‘ಎರಡು-ನಾಲ್ಕು’ ಎಂದು ಕರೆದು ಒಂದೂವರೆ ಇಂಚಿಗೆ ಮೂರೂವರೆ ಇಂಚು ಕೊಡುವ ವ್ಯಾಪಾರ. ಮೇಲೆ ‘ಎಸ್-ಡ್ರೈ’ ಎಂಬ ಮುದ್ರೆ ಇದ್ದರೂ ಅದರರ್ಥ ತೇವ ಶೇ 19ಕ್ಕಿಂತ ಮೇಲಿಲ್ಲ ಎಂದಷ್ಟೇ; ಗೋಡೆಯೊಳಗೆ ಹೂಳಲು ಸಾಕು, ಮೇಜಿಗೆ ಸಾಲದು. ಅಲ್ಲಿನ ಜಾಣರು ಕಿರಿದಾದ ತುಂಡುಗಳ ಗೊಡವೆಗೆ ಹೋಗದೆ, ದೊಡ್ಡ ಮರದಿಂದ ಬರುವ ಹನ್ನೆರಡಿಂಚು ಅಗಲದ ಹಲಗೆ ಆರಿಸಿ, ನಡು ತೆಗೆದು, ಅಂಚು ಬಳಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಕ್ರಿಸ್ಟೋಫರ್ ಶ್ವಾರ್ಜ್ ಎಂಬ ಹೆಸರಾಂತ ಬಡಗಿ-ಲೇಖಕ ಬಡಗಿಯ ಕೆಲಸದ ಬೆಂಚಿಗೆ ಕಟ್ಟಡದ ಪೈನೇ ಸಾಕು ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ.

ಆದರೆ ಸಿಲ್ವರಿನಲ್ಲಿ ಪೈನಿಗಿಲ್ಲದ ಒಂದು ವಿಶೇಷ ಇದೆ. ತಿರುಳಿನಿಂದ ತೊಗಟೆಯ ಕಡೆಗೆ, ಗಾಡಿಚಕ್ರದ ಅರಗಳಂತೆ ಓಡುವ ಜೀವಕೋಶಗಳ ಪಟ್ಟಿಗಳು ಎಲ್ಲ ಮರದಲ್ಲೂ ಇರುತ್ತವೆ. ಹೆಚ್ಚಿನವುಗಳಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣವು. ಸಿಲ್ವರಿನಲ್ಲಿ ಅವು ಅಗಲ. ಉಂಗುರ ನಿಂತ ಹಲಗೆಯಲ್ಲಿ ಆ ಅರಗಳು ತಮ್ಮ ಉದ್ದಕ್ಕೇ ಸೀಳಿಕೊಂಡು ಮೇಲ್ಮೈಗೆ ಬರುತ್ತವೆ. ಒಣಗಿದ ಪಟ್ಟಿಯೊಂದರ ಮೇಲೆ ನಾನು ಮೊದಲ ಸಲ ಹತ್ತರಿ ಓಡಿಸಿದಾಗ, ಸಿಮೆಂಟ್ ಬಣ್ಣದ ಕೊಳೆ ಸಿಪ್ಪೆಸಿಪ್ಪೆಯಾಗಿ ಎದ್ದು, ಅದರಡಿಯಿಂದ ಮೀನಿನ ಹುರುಪೆಯಂಥ ಚಿಕ್ಕೆಗಳು ಸಾಲುಸಾಲಾಗಿ ಬಂದವು. ತಲೆ ಈ ಕಡೆ ವಾಲಿಸಿದರೆ ತಿಳಿ, ಆ ಕಡೆ ವಾಲಿಸಿದರೆ ಕಂದು, ರೇಷ್ಮೆ ಸೀರೆಯ ಮೈಯಂತೆ. ಆಸ್ಟ್ರೇಲಿಯಾದಲ್ಲಿ ಈ ಮರಕ್ಕೆ ರೇಷ್ಮೆ ಓಕ್ ಎಂದು ಹೆಸರಿಟ್ಟದ್ದು ಸುಮ್ಮನಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಈ ಮರದ ಊಟದ ಮೇಜು, ಕಪಾಟುಗಳೇ ಫ್ಯಾಷನ್. ಈಗ ಅವು ಹಳೆ ಸಾಮಾನಿನ ಅಂಗಡಿಗಳಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತವೆ. ಅಲ್ಲಿಯವರ ಅಜ್ಜಿಯ ಕಪಾಟಿನ ಮರ ನಮ್ಮಲ್ಲಿ ಕಾಂಕ್ರೀಟಿನ ಅಡಿ ಮಲಗಿದೆ. (ಒಂದು ಎಚ್ಚರಿಕೆ: ಈ ಮರದ ಹೊಟ್ಟು ಕೆಲವರಿಗೆ ಮೈ ತುರಿಕೆ ತರುತ್ತದೆ. ನನಗೆ ಮೊಣಕೈ ಒಳಮಗ್ಗುಲಲ್ಲಿ. ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ.)

ಮಾತು ಸಿಲ್ವರಿಗೇ ನಿಲ್ಲಬೇಕಿಲ್ಲ. ಬೆಂಗಳೂರಿನ ಪೀಣ್ಯದ ಗುಜರಿಯಲ್ಲಿ ಯಂತ್ರ ಇಳಿಸಿಕೊಂಡ ಮೇಲೆ ಬಿಸಾಡಿದ ಪೆಟ್ಟಿಗೆಗಳು ರಾಶಿ ಬಿದ್ದಿರುತ್ತವೆ. ಅವುಗಳ ಮೇಲಿನ ಗೋಧಿತೆನೆಯ ಮುದ್ರೆ ಓದಲು ಕಲಿತರೆ ಅರ್ಧ ಜಾತಕ ಗೊತ್ತಾಗುತ್ತದೆ. ‘ಎಚ್‌ಟಿ’ ಎಂದಿದ್ದರೆ ಮರದ ನಡುವಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ತಾಸು ಕಾಯಿಸಿದ್ದು, ಮುಟ್ಟಬಹುದು; ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟದ್ದು, ಬಿಟ್ಟುಬಿಡಿ. ಮುದ್ರೆಯ ಮೊದಲ ಎರಡು ಅಕ್ಷರ ದೇಶದ್ದು. ಒಮ್ಮೆ ನನಗೆ ‘ಡಿಇ’, ಅಂದರೆ ಜರ್ಮನಿಯ ಹಲಗೆಯೊಂದು ಸಿಕ್ಕಿತು. ಕೀಸಿ ನೋಡಿದರೆ ಒಂದಿಂಚಿನಲ್ಲಿ ಹದಿನೇಳು ಉಂಗುರ, ಒಂದೂ ಗಂಟಿಲ್ಲ, ಎಳೆ ಪೂಣಿಯಂತೆ ನೇರ. ನೋಡಿದ ಮಟ್ಟಿಗೆ ಸ್ಪ್ರೂಸ್. ಪಿಟೀಲಿನ ಎದೆಹಲಗೆ ಆಗುವುದು ಈ ಮರದಲ್ಲೇ; ಯುರೋಪಿನಲ್ಲಿ ಮನೆಯ ಮಾಡಿಗೆ ತೊಲೆ-ಜಂತೆ ಆಗುವುದೂ ಈ ಮರವೇ. ಕಾಡು ಒಂದು, ಜಾತಿ ಒಂದು. ಪಿಟೀಲು ಮಾಡುವವನು ನೂರು ಹಲಗೆಯಲ್ಲಿ ಒಂದನ್ನು ಆರಿಸಿಕೊಂಡ. ಉಳಿದ ತೊಂಬತ್ತೊಂಬತ್ತು ಮಾಡು, ಪೆಟ್ಟಿಗೆ ಆದವು.

ಇಷ್ಟು ಹೇಳಿದ ಮೇಲೆ ಎದುರು ವಾದದಲ್ಲಿ ಗಟ್ಟಿಯಾದದ್ದನ್ನು ಮುಚ್ಚಿಡುವುದು ಸರಿಯಲ್ಲ. ಅದನ್ನು ನನ್ನ ಮುಂದಿಟ್ಟವರು ಅದೇ ಆಚಾರ್ರು. ‘ಮೇಷ್ಟ್ರೇ, ತೇಗಕ್ಕೂ ನಂಗೆ ದಿನದ ಕೂಲಿ ಅಷ್ಟೇ, ಸಿಲ್ವರಿಗೂ ಅಷ್ಟೇ. ಸಿಲ್ವರಲ್ಲಿ ಆರ್ಸೋಕೆ ಒಂದಿನ, ಗಂಟು ತಪ್ಸೋಕೆ ಒಂದಿನ. ಗಿರಾಕಿಗೆ ಉಳಿಯೋದೇನು?’ ಏನೂ ಇಲ್ಲ, ಅಥವಾ ತೀರ ಸ್ವಲ್ಪ. ಕೂಲಿ ಕೊಟ್ಟು ಮಾಡಿಸುವ ಒಳ್ಳೆಯ ಮೇಜಿನಲ್ಲಿ ಮರದ ಬೆಲೆಯಷ್ಟೇ ಕೈಯ ಬೆಲೆಯೂ ಇರುತ್ತದೆ, ಕೆಲವು ಸಲ ಹೆಚ್ಚೇ. ಹಾಗಾಗಿ ಅಗ್ಗದ ಮರದಲ್ಲಿ ಮಾಡಿಸಿದರೆ ದುಡ್ಡು ಉಳಿಯುತ್ತದೆ ಎಂದು ಹೇಳುವವರ ಜೊತೆ ನನ್ನನ್ನು ಸೇರಿಸಬೇಡಿ. ಎರಡು ಪ್ಯಾಲೆಟ್ಟು ತಂದು ಗಾಲಿ ಸಿಕ್ಕಿಸಿ ಸೋಫಾ ಎಂದು ಫೋಟೋ ಹಾಕುವವರೂ ಮರವನ್ನು ನೋಡಿಲ್ಲ. ಅವರಿಗೆ ಅದರ ಅಗ್ಗತನವೇ ಅಲಂಕಾರ. ಸೂರಿನ ನೀರು ಬೀಳುವ ಹೊರಬಾಗಿಲಿಗೆ, ಬಚ್ಚಲ ಚೌಕಟ್ಟಿಗೆ ತೇಗವನ್ನೋ ಹೊನ್ನೆಯನ್ನೋ ಹಾಕಿ, ತಕರಾರಿಲ್ಲ. ಸಿಲ್ವರಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ; ಅದನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೇ ಹಸಿ ಇರುವಾಗಲೇ ಬೊರಾಕ್ಸ್, ಬೋರಿಕ್ ಆಸಿಡ್ ನೀರಿನಲ್ಲಿ ಮುಳುಗಿಸಬೇಕು. ರಬ್ಬರ್ ಮರವೂ ಒಂದು ಕಾಲಕ್ಕೆ ಸೌದೆಯೇ ಆಗಿತ್ತು. ಈ ಮದ್ದು ಸಿಕ್ಕ ಮೇಲೆ ಅದರ ಮೇಲೆ ಮಲೇಷ್ಯಾ ಒಂದು ಪೀಠೋಪಕರಣ ಉದ್ಯಮವನ್ನೇ ನಿಲ್ಲಿಸಿತು.

ನಾನು ಒಪ್ಪದಿರುವುದು ‘ಕಲಿಯೋಕೆ ಸಿಲ್ವರು, ಮಾಡೋಕೆ ತೇಗ’ ಎಂಬ ಗಾದೆಯಂಥ ಮಾತನ್ನು. ಅದು ತಲೆಕೆಳಗು. ತೇಗ ಉಳಿಗೆ ಒದಗುವ ಮರ, ತಪ್ಪನ್ನು ನುಂಗಿಕೊಳ್ಳುತ್ತದೆ, ತೇವದ ಏರಿಳಿತಕ್ಕೆ ಅಷ್ಟಾಗಿ ಕದಲುವುದಿಲ್ಲ. ಸಿಲ್ವರ್ ಕ್ಷಮಿಸುವುದಿಲ್ಲ. ಚಿಕ್ಕೆ ಇರುವಲ್ಲಿ ಹತ್ತರಿಯ ಅಲಗು ಮೊಂಡಾಗಿದ್ದರೆ ಕಿತ್ತುಬರುತ್ತದೆ. ನಾನು ಐದು ನಿಮಿಷಕ್ಕೊಮ್ಮೆ ಸಾಣೆ ಹಿಡಿಯುತ್ತೇನೆ. ಮೇಲ್ಹಲಗೆಯನ್ನು ಈಗ ಚೌಕಟ್ಟಿಗೆ ಅಂಟಿಸುವುದಿಲ್ಲ; ಒಳಗೆ ಗಾಡಿ, ಅಂದರೆ ಸಣ್ಣ ಕಾಲುವೆ, ಕೊರೆದು, ಅದರೊಳಗೆ ಜಾರುವ ಮರದ ಬಿಲ್ಲೆಗಳಿಂದ ಹಿಡಿಸುತ್ತೇನೆ, ಮಳೆಗಾಲಕ್ಕೆ ಉಬ್ಬಲಿ, ಬೇಸಿಗೆಗೆ ಕುಗ್ಗಲಿ. ಬಣ್ಣ ಬಳಿಯುವುದಿಲ್ಲ, ಅರಗಿನ ಪಾಲಿಶ್ ನಾಲ್ಕು ಕೈ. ಸಿಲ್ವರಿಗೆ ತೇಗದ ಬಣ್ಣ ಬಳಿಸಿದವರ ಮನೆಯಲ್ಲಿ ನನಗೆ ಕಾಫಿ ರುಚಿಸುವುದಿಲ್ಲ ಎಂದು ನನ್ನ ತಂಗಿ ಆಡಿಕೊಳ್ಳುತ್ತಾಳೆ.

ಆ ಸೀಳಿದ ಟೀಪಾಯಿಯನ್ನು ಒಡೆದು, ಒಣಗಿದ ಹಲಗೆಗಳಲ್ಲಿ ಒಂದು ಬರೆಯುವ ಮೇಜು ಮಾಡಿ ಒಂಬತ್ತು ಬೇಸಿಗೆ ಕಳೆಯಿತು. ಆಚಾರ್ರು ಅದರ ಡ್ರಾಯರನ್ನು ಎಳೆದು, ಒಳಗೆ ಬೆರಳಾಡಿಸಿ, ತಳ್ಳಿ, ಮತ್ತೆ ಎಳೆದು ನೋಡಿದರು. ಮೂಲೆಯ ಡವ್‌ಟೇಲ್ ಸಂದಿಗೆ ಉಗುರು ಹಾಕಿದರು, ಹೋಗಲಿಲ್ಲ. ‘ಇದು ಆ ಸಿಲ್ವರಾ?’ ಎಂದು ಒಂದೇ ಮಾತು. ಆಮೇಲೆ ಅವರೇ ಮಿಲ್ಲಿಗೆ ಹೋಗಿ ಅಂಥವು ಎರಡು ಪಟ್ಟಿ ಕೇಳಿದರಂತೆ, ಮಗಳ ಮನೆಯ ದೇವರ ಮಂಟಪಕ್ಕೆ.

ಹೋದ ತಿಂಗಳು ನಾನು ಹೋದಾಗ ಮಿಲ್ಲಿನವನು ನಡುವಿನ ಹಲಗೆಗಳನ್ನು ಬೇರೆಯಾಗಿ ಗೋಡೆಗೆ ಒರಗಿಸಿಟ್ಟಿದ್ದ. ‘ಮೇಷ್ಟ್ರೇ, ಇದು ಡಿಸೈನ್ ಸಿಲ್ವರು’ ಅಂದ. ಅಡಿಗೆ ಐವತ್ತು ರೂಪಾಯಿ ಜಾಸ್ತಿ ಕೇಳಿದ. ಕೊಟ್ಟು ತಂದೆ.